ಬಾಡಿಗೆ ಇಳಿಸಲು ಗೋಡೆ ಕೆರೆದವನು

ಕಳೆದ ಸೋಮವಾರ ಬೆಳಿಗ್ಗೆ ನಾನು ಏಣಿ ಹತ್ತಿ ನಮ್ಮ ಮನೆಯಂಗಳದ ಶೀಟ್ ಬಿಚ್ಚುತ್ತಿದ್ದೆ. ಮೂರು ವರ್ಷದ ಹಿಂದೆ ನಾನೇ ದುಡ್ಡು ಕೊಟ್ಟು ಹಾಕಿಸಿದ ಶೀಟ್. ಅದಕ್ಕೆ ತುಕ್ಕು ಹಿಡಿದಿರಲಿಲ್ಲ, ತೂತು ಬಿದ್ದಿರಲಿಲ್ಲ. ಅದರ ನೆರಳಲ್ಲಿ ನನ್ನ ಬೈಕು ತಣ್ಣಗೆ ನಿಂತಿತ್ತು.

ಆಫೀಸಿಗೆ ಹೊರಟಿದ್ದ ಹೆಂಡತಿ ಶಶಿ, ಟಿಫಿನ್ ಬ್ಯಾಗ್ ಹೆಗಲಿಗೇರಿಸಿಕೊಂಡು ಮೇಲೆ ನೋಡಿದಳು.

“ಏಪ್ರಿಲ್ ತಿಂಗಳಲ್ಲಿ ನೆರಳು ತೆಗೀತಿದ್ದೀರಲ್ಲ, ನಿಮಗೆ ಎಂತ ಆಗಿದೆ ಮಾರಾಯ್ರೆ?”

“ನಾಳೆ ಇಂಜಿನಿಯರ್ ಬರ್ತಾರೆ. ಅಳತೆಗೆ.”

“ಬರ್ಲಿ.”

“ಶೀಟ್ ನೋಡಿದ್ರೆ ಮನೆ ದೊಡ್ಡದು ಅಂತ ಬರೀತಾರೆ. ಬಾಡಿಗೆ ಏರ್ತದೆ.”

ಶಶಿ ಒಂದು ಕ್ಷಣ ಯೋಚಿಸಿದಳು. “ಹಾಗಾದ್ರೆ ಅವರು ಬರುವಾಗ ನೀವು ನಡುಕೋಣೆಯಲ್ಲಿ ನಿಂತುಕೊಳ್ಳಿ. ಮನೆ ತನ್ನಷ್ಟಕ್ಕೆ ಸಣ್ಣದು ಕಾಣ್ತದೆ” ಎಂದು ಬಸ್ಸಿಗೆ ನಡೆದಳು. (ನನ್ನ ಹೊಟ್ಟೆಯ ಬಗ್ಗೆ ಅವಳು ಆಡುವ ಮಾತುಗಳಲ್ಲಿ ಇದು ಮೃದುವಾದದ್ದು.)

ಈ ಅಂಕಣ ಓದುವವರಿಗೆ ನನ್ನ ಕಾಯಿಲೆ ಗೊತ್ತಿದೆ. ಬಸ್ ಸ್ಟಾಪಿನವರೆಗೆ ಹೋಗಿ, ಗ್ಯಾಸ್ ಆಫ್ ಮಾಡಿದ್ದೇನಾ ಎಂದು ವಾಪಸು ಓಡುವವನು ನಾನು. ಈಗ ನಮ್ಮಲ್ಲಿರುವುದು ಇಂಡಕ್ಷನ್ ಒಲೆ. ಆದರೂ ಓಡುತ್ತೇನೆ. ಚಿಂತೆಗೆ ಕಾರಣ ಬೇಕೆಂದು ಯಾರು ಹೇಳಿದ್ದು? ಈ ಸಲವಂತೂ ಕಾರಣವೇ ನೋಟಿಸಿನ ರೂಪದಲ್ಲಿ ಮನೆಬಾಗಿಲಿಗೆ ಬಂದಿತ್ತು.

ನಾವಿರುವುದು ಬೆಳ್ತಂಗಡಿ ಕಡೆಯ ಒಂದು ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಶಶಿ ಒಂದು ಇಲಾಖೆಯಲ್ಲಿ ಹಿರಿಯ ಕ್ಲರ್ಕ್. ನಾನು ಖಾಸಗಿ ಕಾಲೇಜೊಂದರ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವವನು. ಹೆಸರಿನ ಹಿಂದೆ ಶೆಟ್ಟಿ ಎಂದಿದೆ, ಭೂಮಿ ಮಾತ್ರ ನಮ್ಮಜ್ಜನ ಕಾಲಕ್ಕೇ ಮುಗಿದಿದೆ. ಒಂದೇ ಹೆಂಚಿನ ಮಾಡಿನ ಅಡಿಯಲ್ಲಿ ಸಾಲಾಗಿ ಮೂರು ಮನೆ. ಮೊದಲನೆಯದು ನಮ್ಮದು. ನಡುವಿನದು ಇಲಾಖೆಯ ಜೀಪು ಓಡಿಸುವ ಇಸ್ಮಾಯಿಲ್ ಅವರದು. ಕೊನೆಯದು ಅದೇ ಆಫೀಸಿನಲ್ಲಿ ಗುಡಿಸಿ, ಒರೆಸಿ, ಫೈಲು ಹೊರುವ ಡಿ ಗ್ರೂಪ್ ನೌಕರೆ ವಾರಿಜಕ್ಕನದು. ಗಂಡ ಇಲ್ಲ. ಒಬ್ಬಳೇ ಮಗಳು, ದಿನಾ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋಗಿ ಡಿಗ್ರಿ ಓದುತ್ತಾಳೆ.

ಸರ್ಕಾರಿ ಮನೆಗೆ ಬಾಡಿಗೆ ಹೇಗೆ ನಿಗದಿಯಾಗುತ್ತದೆ, ನಿಮಗೆ ಗೊತ್ತೇ? ನನಗೆ ಗೊತ್ತು ಎಂದುಕೊಂಡಿದ್ದೆ. ಕ್ವಾರ್ಟರ್ಸಿನಲ್ಲಿದ್ದರೆ ಸಂಬಳದ ಜೊತೆ ಮನೆ ಬಾಡಿಗೆ ಭತ್ಯೆ ಬರುವುದಿಲ್ಲ. ಭತ್ಯೆ ಸಂಬಳದ ಇಂತಿಷ್ಟು ಪಾಲು. ಹಾಗಾಗಿ ಸಂಬಳ ದೊಡ್ಡದಿದ್ದರೆ ಕಳೆದುಕೊಳ್ಳುವುದೂ ದೊಡ್ಡದೇ. ಅದರ ಮೇಲೆ ಮನೆಯ ಅಳತೆ ನೋಡಿ ಇನ್ನೊಂದು ಸಣ್ಣ ಮೊತ್ತ ಮುರಿಯುತ್ತಾರೆ. ಒಂದೇ ಮಾಡು, ಒಂದೇ ಅಳತೆಯ ಕೋಣೆ, ಒಂದೇ ರೀತಿ ನೀರು ನಿಲ್ಲುವ ಬಚ್ಚಲು. ಆದರೆ ನಮ್ಮ ಮನೆಯಿಂದ ಹೋಗುವುದು ಬೇರೆ, ವಾರಿಜಕ್ಕನ ಮನೆಯಿಂದ ಹೋಗುವುದು ಬೇರೆ.

ಇದು ಯಾವ ನ್ಯಾಯ ಎಂದು ನಾನು ಎಷ್ಟೋ ಸಲ ಗೊಣಗಿದ್ದೇನೆ. ಶಶಿಯ ಉತ್ತರ ಪ್ರತಿ ಸಲವೂ ಒಂದೇ: “ನನ್ನ ಸಂಬಳ ವಾರಿಜಕ್ಕನಿಗೆ ಕೊಡುವ, ಅವರದ್ದು ನಾವು ತಕ್ಕೊಳ್ಳುವ. ನಿಮಗೆ ನ್ಯಾಯ ಸಿಗ್ತದೆ.”

ಹೀಗಿರುವಾಗ ಬಂತು ನೋಟಿಸು. ವಸತಿಗೃಹಗಳ ಅಳತೆ ಮತ್ತು ಸ್ಥಿತಿಗತಿ ಪರಿಶೀಲಿಸಿ ಬಾಡಿಗೆ ಮರುನಿಗದಿ ಮಾಡಲಾಗುವುದು, ಆ ದಿನ ಮನೆಯಲ್ಲಿ ಒಬ್ಬರು ಇರತಕ್ಕದ್ದು. ಅಷ್ಟುದ್ದದ ವಾಕ್ಯದಲ್ಲಿ ನನ್ನ ಕಣ್ಣು ಅಂಟಿದ್ದು ಬಾಡಿಗೆಗೆ ಮಾತ್ರ. ‘ಸ್ಥಿತಿಗತಿ’ಯ ಮೇಲೆ ಇನ್ನೆರಡು ಸೆಕೆಂಡು ನಿಂತಿದ್ದರೆ ಈ ವಾರ ನಿಮಗೆ ಬೇರೇನಾದರೂ ಓದಲು ಸಿಗುತ್ತಿತ್ತು.

ಶೀಟ್ ಬಿಚ್ಚಿ ಕೆಳಗಿಟ್ಟು, ನೇರ ಇಸ್ಮಾಯಿಲರ ಮನೆಗೆ ಹೋದೆ. ದಮ್ಮಾಮಿನಲ್ಲಿರುವ ಅವರ ತಮ್ಮ ಕಳಿಸಿದ ದುಡ್ಡಿನಲ್ಲಿ ನಡುಕೋಣೆಗೆ ಟೈಲ್ಸ್ ಹಾಕಿಸಿದ್ದರು. ಮುಖ ಕಾಣುವಷ್ಟು ಮಿನುಗು.

“ಇದು ಮುಚ್ಬೇಕು” ಎಂದೆ.

“ಟೈಲ್ಸ್ ಹಾಕಿದ್ರೆ ನೆಲ ದೊಡ್ಡದಾಗ್ತದಾ ಶೆಟ್ರೇ?”

“ದೊಡ್ಡದಾಗುದಿಲ್ಲ. ಒಳ್ಳೇದಾಗ್ತದೆ. ಅದೇ ಡೇಂಜರ್.”

ಇಸ್ಮಾಯಿಲ್ ನನ್ನನ್ನೂ ನೆಲವನ್ನೂ ನೋಡಿದರು. ಲೈಬ್ರರಿಯವನು, ಓದಿಕೊಂಡವನು, ಹೇಳುವುದರಲ್ಲಿ ಏನಾದರೂ ಇರಬಹುದು ಎಂದು ನಂಬಿದರು. (ಓದಿದವರನ್ನು ನಂಬುವುದು ನಮ್ಮ ಜಿಲ್ಲೆಯ ಹಳೇ ದೌರ್ಬಲ್ಯ.) ಹರಿದ ಚಾಪೆಗಳನ್ನು ಹುಡುಕಿ ತಂದು ಇಬ್ಬರೂ ಸೇರಿ ಟೈಲ್ಸ್ ಮುಚ್ಚಿದೆವು.

ಆಮೇಲೆ ನನ್ನ ಮನೆ. ಗೋಡೆಯಲ್ಲಿ ಒಂದೆರಡು ಕಡೆ ಗಾರೆ ಉಬ್ಬಿ ನಿಂತಿತ್ತು. ಉಬ್ಬಿದರೆ ಸಾಕೇ? ಬಿದ್ದರೆ ಅಲ್ಲವೇ ನೋಡುವವರ ಮನಸ್ಸು ಕರಗುವುದು? ದೋಸೆ ಮಗುಚುವ ಸಟ್ಟುಗ ತಂದು ಕೆರೆದೆ. ಅಂಗೈಯಗಲ ಎಂದು ಶುರು ಮಾಡಿದ್ದು ಬಾಗಿಲಗಲ ಆಯಿತು. ಕೊನೆಗೆ, ಹಿಂದಿನ ಮಳೆಗಾಲದಲ್ಲಿ ಎರಡು ಹನಿ ಬಿದ್ದ ಜಾಗದಲ್ಲಿ ಒಂದು ಬಕೆಟ್ ಇಟ್ಟೆ. ಕಲಾವಿದನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರಬೇಕು ಎನ್ನುತ್ತಾರೆ. ನನಗೆ ಗೊತ್ತಿರಲಿಲ್ಲ.

ಉಳಿದದ್ದು ವಾರಿಜಕ್ಕ. ಸಂಜೆ ಅವರು ಆಫೀಸಿನಿಂದ ಬರುವುದನ್ನೇ ಕಾದು ಕೂತೆ. ಅವರ ಮನೆಯೇ ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಅವರೇ ಗೋಡೆಗೆ ಸುಣ್ಣ ಬಳಿಯುತ್ತಾರೆ. ಹಿಂದೆ ಒಗೆಯುವ ಕಲ್ಲಿನ ಸುತ್ತ ಅವರೇ ಸಿಮೆಂಟ್ ಹಾಕಿದ್ದಾರೆ. ಮೂರು ಮನೆಗಳಲ್ಲಿ ಮನೆಯ ಹಾಗೆ ಕಾಣುವುದು ಅದೊಂದೇ. ಏರುವ ಬಾಡಿಗೆ ತಡೆದುಕೊಳ್ಳುವ ಶಕ್ತಿ ಇಲ್ಲದಿರುವುದೂ ಅವರೊಬ್ಬರಿಗೇ.

“ವಾರಿಜಕ್ಕ, ಈ ಬಿಳಿ ಗೋಡೆ ನೋಡಿದ್ರೆ ಕಷ್ಟ. ಒಲೆಯ ಮಸಿ ಸ್ವಲ್ಪ ಹಚ್ಚುವ. ಆಮೇಲೆ ತೊಳೀಲಿಕ್ಕಾಗ್ತದೆ.”

ಅವರು ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ಕೂತರು.

“ಶೆಟ್ರೇ, ಈ ಮನೆ ಸಿಗುವ ಮೊದಲು ನಾನು ಗುರುವಾಯನಕೆರೆಯಿಂದ ಪುಂಜಾಲಕಟ್ಟೆವರೆಗೆ ಮನೆ ಹುಡುಕಿದ್ದೇನೆ. ಫೋನಲ್ಲಿ ನಾಲ್ಕು ಸಾವಿರ ಅಂತಾರೆ. ಹೋಗಿ ಎದುರು ನಿಂತ್ರೆ, ಊರು ಯಾವುದು, ತಂದೆ ಹೆಸರೆಂತ, ನಿಮ್ಮದು ಯಾವ ಕಡೆ ಅಂತ ಕೇಳ್ತಾರೆ. ಹೇಳಿದ ಮೇಲೆ ಎಂಟು ಸಾವಿರ. ಎಂಟೇ ಕೊಡ್ತೇನೆ ಅಂದ್ರೆ, ಅಯ್ಯೋ, ಮಗ ಬರ್ತಾನಂತೆ, ಮನೆ ಇಲ್ಲ ಅಂತಾರೆ.”

ವಾರಿಜಕ್ಕ ಚಪ್ಪಲಿ ಕಳಚಿ ಬದಿಗಿಟ್ಟರು.

“ಇಲ್ಲಿ ಸಾಹೇಬ್ರು ಕೀ ಕೊಟ್ರು. ಇಲ್ಲಿ ಸಹಿ ಹಾಕಿ ಅಂದ್ರು. ಅಷ್ಟೇ. ಮಗಳ ಓದು ಮುಗಿಯುವವರೆಗೆ ಈ ಮನೆ ಒಂದು ಉಳಿದ್ರೆ ನನಗೆ ಬೇರೆ ಎಂತದೂ ಬೇಡ. ಬಾಡಿಗೆ ಏರಿದ್ರೆ ಏರ್ಲಿ, ಹೇಗಾದ್ರೂ ಮಾಡ್ತೇನೆ. ಅಂಥಾ ಮನೆಗೆ ನಾನು ಮಸಿ ಬಳಿಯುದಾ?”

“ಆಮೇಲೆ ನನ್ನನ್ನು ದೂರಬೇಡಿ” ಎಂದು ಎದ್ದು ಬಂದೆ. ಎಂಥ ದೂರದೃಷ್ಟಿ!

ಮಂಗಳವಾರ ಹತ್ತು ಗಂಟೆಗೆ ಇಂಜಿನಿಯರ್ ಬಂದರು. ಪುತ್ತಿಗೆಯ ಹುಡುಗಿ, ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿಲ್ಲ. ತಲೆಗೆ ಟೋಪಿ, ಕೈಯಲ್ಲಿ ಟೇಪು, ಕಂಕುಳಲ್ಲಿ ಫೈಲು. ಟೇಪಿನ ಒಂದು ತುದಿ ಇಸ್ಮಾಯಿಲರ ಕೈಗೆ ಕೊಟ್ಟು ಹೊರಗೋಡೆಯ ಉದ್ದಕ್ಕೂ ಅಳೆಯುತ್ತಾ ನಡೆದರು.

ನನ್ನ ತ್ಯಾಗ ಅವರ ಗಮನಕ್ಕೆ ಬರಲೇ ಇಲ್ಲ. ತಡೆಯಲಾಗಲಿಲ್ಲ. “ಮೇಡಂ, ಇಲ್ಲಿ ಶೀಟ್ ಗೀಟ್ ಎಂತದೂ ಇಲ್ಲ” ಎಂದೆ.

“ಇದ್ರೂ ಲೆಕ್ಕಕ್ಕಿಲ್ಲ ಸರ್. ಇಲಾಖೆ ಕಟ್ಟಿದ ಗೋಡೆ ಎಷ್ಟು ಉಂಟು, ಅಷ್ಟೇ.”

ಇಸ್ಮಾಯಿಲ್ ಮೆಲ್ಲಗೆ ಕೇಳಿದರು, “ಮತ್ತೆ ಟೈಲ್ಸ್?”

“ನೀವು ಹಾಕಿದ ಟೈಲ್ಸಿಗೆ ಸರ್ಕಾರ ನಿಮ್ಮತ್ರ ಬಾಡಿಗೆ ತಕ್ಕೊಳ್ಳುದಾ?”

ಇಸ್ಮಾಯಿಲ್ ನನ್ನತ್ತ ತಿರುಗಿದರು. ನಾನು ಆಕಾಶ ನೋಡಿದೆ. ನೆರಳಿಲ್ಲದ ಅಂಗಳದಲ್ಲಿ ಆಕಾಶ ಚೆನ್ನಾಗಿ ಕಾಣುತ್ತಿತ್ತು.

ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ಆದರೆ ನಾನು ಒಂದು ಭಾಷಣ ತಯಾರು ಮಾಡಿಟ್ಟಿದ್ದೆ. ತಯಾರಾದ ಭಾಷಣ ಯಾರಾದರೂ ಬಿಡುತ್ತಾರೆಯೇ? ಮೇಡಂ ಒಳಗೆ ಬಂದು ಬಕೆಟ್ ನೋಡಿದರು.

“ಇದೆಂತ ಸರ್?”

“ಸೋರ್ತದೆ.”

“ಈಗ ಮಳೆ ಎಲ್ಲಿ ಉಂಟು?”

“ಬಂದಾಗ ಸೋರ್ತದೆ.”

ಅವರ ಕಣ್ಣು ಗೋಡೆಗೆ ಹೋಯಿತು. ಇದೇ ಸಮಯ ಎಂದು ನಾನು ಶುರು ಮಾಡಿದೆ. “ನೋಡಿ ಮೇಡಂ, ಇದು ಮನೆಯಾ? ಗೋಡೆ ಉದುರ್ತಾ ಉಂಟು. ಯಾವಾಗ ತಲೆ ಮೇಲೆ ಬೀಳ್ತದೆ ಗೊತ್ತಿಲ್ಲ. ಇಂಥದ್ದಕ್ಕೆ ಬಾಡಿಗೆ ಬೇರೆ.”

ಅವರು ಫೈಲು ಬಿಡಿಸಿ ಬರೆಯತೊಡಗಿದರು. ತುಂಬ ಹೊತ್ತು ಬರೆದರು. ನನ್ನ ಮಾತು ಇಷ್ಟು ಪರಿಣಾಮ ಬೀರಿದ್ದು ಮದುವೆಯಾದ ಮೇಲೆ ಇದೇ ಮೊದಲು.

“ಎಂತ ಬರೆದ್ರಿ ಮೇಡಂ?”

“ಸ್ಥಿತಿಗತಿ ಅಂತ ಒಂದು ಕಾಲಂ ಉಂಟು ಸರ್. ಕಟ್ಟಡ ಶಿಥಿಲ, ವಾಸಕ್ಕೆ ಯೋಗ್ಯವಲ್ಲ.”

“ಹಾಗಾದ್ರೆ ಬಾಡಿಗೆ ಕಮ್ಮಿ ಆಗ್ತದೆ?”

“ಬಾಡಿಗೆಯೇ ಇರುದಿಲ್ಲ.”

ಒಂದು ಕ್ಷಣ ನಾನು ಗೆದ್ದಿದ್ದೆ.

“ಖಾಲಿ ಮಾಡ್ಬೇಕಲ್ಲ” ಎಂದರು ಮೇಡಂ. “ಮಳೆಗಾಲಕ್ಕೆ ಮೊದಲು. ಮೂರು ಮನೆಗೂ ಒಂದೇ ಮಾಡು. ಹಾಗಾಗಿ ಒಂದೇ ರಿಪೋರ್ಟ್.”

ಬಾಗಿಲಲ್ಲಿ ವಾರಿಜಕ್ಕ ನಿಂತಿದ್ದರು. ಒಂದು ಗಂಟೆ ಪರ್ಮಿಷನ್ ಕೇಳಿ ಆಫೀಸಿನಿಂದ ಬಂದವರು, ಇಂಜಿನಿಯರಿಗೆಂದು ಪುನರ್ಪುಳಿ ಶರಬತ್ತು ಮಾಡಿ ತಂದಿದ್ದರು. ಲೋಟ ಕೈಯಲ್ಲೇ ಉಳಿಯಿತು.

“ನನ್ನ ಮನೆ ನೀವಿನ್ನೂ ನೋಡ್ಲಿಲ್ಲ ಮೇಡಂ.”

“ನೋಡ್ತೇನೆ ಅಕ್ಕ. ಆದ್ರೆ ಇದೇ ಮಾಡಿನ ಅಡಿಯಲ್ಲಿ ಇರುವವರೇ ಬೀಳ್ತದೆ ಅಂತ ಹೇಳಿದ ಮೇಲೆ ನಾನು ಬರೀದೆ ಇರ್ಲಿಕ್ಕಾಗುದಿಲ್ಲ. ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?”

ವಾರಿಜಕ್ಕ ನನಗೆ ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮಳೆಗಾಲಕ್ಕೆ ಎಷ್ಟು ದಿನ ಉಂಟು ಎಂದು ಇಸ್ಮಾಯಿಲರನ್ನು ಕೇಳಿದರು. ನಾವು ಖಾಲಿ ಮಾಡಿದರೆ ಸಂಜೆಯೊಳಗೆ ಇನ್ನೊಂದು ಮನೆ ಸಿಗುತ್ತದೆ. ನನ್ನ ಹೆಸರು ಹೇಳಿದರೆ ಸಾಕು, ಮಾಲಕರು ಕುರ್ಚಿ ಎಳೆದು ಹಾಕುತ್ತಾರೆ. ವಾರಿಜಕ್ಕ ಮತ್ತೆ ಗುರುವಾಯನಕೆರೆಯಿಂದ ಪುಂಜಾಲಕಟ್ಟೆವರೆಗೆ ನಡೆಯಬೇಕು. ಊರು ಯಾವುದು, ತಂದೆ ಹೆಸರೆಂತ?

ನನಗೆ ಚಿಂತೆ ಮಾಡಿ ಅಭ್ಯಾಸವಿದೆ, ತಪ್ಪು ಒಪ್ಪಿ ಅಭ್ಯಾಸವಿಲ್ಲ.

“ಮೇಡಂ, ಅದು ನಾನು ಕೆರೆದದ್ದು.”

“ಎಂತದು?”

“ಗೋಡೆ. ಸಟ್ಟುಗದಲ್ಲಿ. ಬಾಡಿಗೆ ಇಳೀತದೆ ಅಂತ.”

ಇಸ್ಮಾಯಿಲ್ ಇದೇ ಹೊತ್ತಿಗೆ ಕಾಯುತ್ತಿದ್ದವರ ಹಾಗೆ ಮನೆಗೆ ಹೋಗಿ ಚಾಪೆ ಎಳೆದು ಹಾಕಿ ಬಂದರು. “ನನ್ನ ಮನೆಯ ಚಾಪೆ ಸಹ ಶೆಟ್ರ ಐಡಿಯಾ ಮೇಡಂ. ನಾನು ಬೇಡ ಅಂತ ಹೇಳಿದ್ದೆ.” (ಹೇಳಿರಲಿಲ್ಲ. ಆದರೆ ಆ ಹೊತ್ತಿಗೆ ತಕರಾರು ಮಾಡುವ ಸ್ಥಾನದಲ್ಲಿ ನಾನಿರಲಿಲ್ಲ.)

ಮೇಡಂ ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಗೋಡೆ ನೋಡಿದರು, ನನ್ನನ್ನು ನೋಡಿದರು, ಟೋಪಿ ತೆಗೆದು ಗಾಳಿ ಹಾಕಿಕೊಂಡರು.

“ನೀವು ಬೀಳ್ತದೆ ಅಂದದ್ದಕ್ಕೆ ಬರೆದು, ನೀವು ಇಲ್ಲ ಅಂದದ್ದಕ್ಕೆ ಹೊಡೆದು ಹಾಕಿದ್ರೆ ಅದು ರಿಪೋರ್ಟ್ ಅಲ್ಲ ಸರ್, ಹರಟೆ. ಶುಕ್ರವಾರ ಸುತ್ತಿಗೆ ಹಿಡ್ಕೊಂಡು ಬರ್ತೇನೆ. ಗೋಡೆಯನ್ನೇ ಕೇಳುವ.”

ಶರಬತ್ತು ಕುಡಿದು, ವಾರಿಜಕ್ಕನ ಮನೆಯನ್ನೂ ಸುತ್ತಿ ನೋಡಿ ಹೋದರು.

ಬುಧವಾರ, ಗುರುವಾರ ನಮ್ಮ ಕ್ವಾರ್ಟರ್ಸಿನಲ್ಲಿ ನಡೆದದ್ದನ್ನು ನೋಡಿದವರು ಮದುವೆ ಎಂದುಕೊಂಡಿರಬೇಕು. ನಾನು ಆಟೋದಲ್ಲಿ ಮರಳು, ಸಿಮೆಂಟ್ ತಂದೆ. ಇಸ್ಮಾಯಿಲ್ ಕಲಸಿದರು. ಆಫೀಸು ಬಿಟ್ಟು ಬಂದ ವಾರಿಜಕ್ಕ ಸೆರಗು ಸಿಕ್ಕಿಸಿ ಸುಣ್ಣದ ಬಾಲ್ದಿಯ ಮುಂದೆ ನಿಂತರು. ಎರಡು ದಿನ ಅವರು ಹೇಳಿದ್ದೇ ಕಾನೂನು.

“ಶೆಟ್ರೇ, ಕೆರೆಯುವಾಗ ಇದ್ದ ಉಮೇದು ಈಗ ಎಲ್ಲಿ ಹೋಯ್ತು?”

“ಸಟ್ಟುಗ ಕೊಟ್ರೆ ಬರ್ತದೆ ಅವರಿಗೆ” ಎಂದಳು ಶಶಿ, ಒಳಗಿನಿಂದ.

ಕೆರೆದ ಜಾಗವನ್ನೆಲ್ಲ ನಾನು ಗಾರೆಯಿಂದ ಮುಚ್ಚುತ್ತಾ ಬಂದಾಗ ವಾರಿಜಕ್ಕ ತಡೆದರು. ಒಂದು ಕಡೆ ಹಾಗೇ ಬಿಡಬೇಕಂತೆ. ಒಳಗಿನ ಕೆಂಪು ಕಲ್ಲು ಕಾಣಬೇಕಂತೆ.

“ಅದನ್ನೇ ಕಂಡು ಪುನಃ ಶಿಥಿಲ ಅಂತ ಬರೆದ್ರೆ?” ನನ್ನ ಕಾಯಿಲೆ ಎದ್ದು ಕೂತಿತು.

“ಕಲ್ಲು ಗಟ್ಟಿ ಇದ್ರೆ ಯಾಕೆ ಬರೀತಾರೆ? ಗಟ್ಟಿ ಇಲ್ಲದಿದ್ರೆ ನಾವು ಇಲ್ಲಿ ಇರುದೇ ಬೇಡ, ಮಕ್ಕಳು ಮಲಗುವ ಜಾಗ. ಸುಳ್ಳು ಒಂದು ಸಲ ಸಾಕು.”

ಶುಕ್ರವಾರ ಮೇಡಂ ಬಂದರು. ಸುತ್ತಿಗೆ ಹಿಡಿದು ಮೂರೂ ಮನೆಯ ಗೋಡೆಗೆ ಒಂದೊಂದೇ ಪೆಟ್ಟು ಕೊಟ್ಟು, ಕಿವಿಗೊಟ್ಟು ಕೇಳುತ್ತಾ ಹೋದರು. ವಾರಿಜಕ್ಕ ಅವರ ಹಿಂದೆಯೇ ನಡೆದರು. ಪ್ರತಿ ಪೆಟ್ಟಿಗೂ ಅವರ ಕತ್ತು ಸ್ವಲ್ಪ ಮುಂದೆ ಬಾಗುತ್ತಿತ್ತು. ಮುಚ್ಚದೆ ಬಿಟ್ಟ ಜಾಗದಲ್ಲಿ ಮೇಡಂ ಕಲ್ಲನ್ನೇ ನಾಲ್ಕು ಸಲ ಬಡಿದರು. ಮೇಲೆ ಹತ್ತಿ ಮಾಡಿನ ಮರ ನೋಡಿದರು. ಮೂರು ಕಡೆ ರಿಪೇರಿ ಬೇಕು ಎಂದರು. ಆಮೇಲೆ ಕೂತು ಬರೆದರು: ದುರಸ್ತಿ ಮಾಡಿದಲ್ಲಿ ವಾಸಕ್ಕೆ ಯೋಗ್ಯ.

ವಾರಿಜಕ್ಕ ಅದನ್ನು ಓದಿಸಿ ಕೇಳಿದರು. ಇನ್ನೊಮ್ಮೆ ಓದಿಸಿದರು.

ನಾನು ಹಿಂದಿನಿಂದ ಇಣುಕಿ ಆ ಫಾರಂ ನೋಡಿದೆ. ಮನೆ ಸಂಖ್ಯೆ. ಉದ್ದ, ಅಗಲ. ಕಟ್ಟಿದ ವರ್ಷ. ಮಾಡು ಯಾವ ಬಗೆಯದ್ದು ಎನ್ನುವ ಸಾಲು, ನೀರು, ಕರೆಂಟು, ಸ್ಥಿತಿಗತಿ. ಎಷ್ಟು ಹುಡುಕಿದರೂ ಒಳಗಿರುವವರು ಯಾರು ಎನ್ನುವುದಕ್ಕೆ ಒಂದು ಕಾಲಂ ಇಲ್ಲ.

“ಬಾಡಿಗೆ ಎಷ್ಟಾಗ್ಬಹುದು ಮೇಡಂ?” ಕೇಳಿದವನು ನಾನೇ, ಮತ್ಯಾರು?

“ಸ್ವಲ್ಪ ಏರ್ಬಹುದು. ಮೇಲಿನಿಂದ ಆರ್ಡರ್ ಬರ್ಬೇಕು.”

“ಮೂರು ಮನೆಗೂ ಒಂದೇ ಲೆಕ್ಕವಾ?” ವಾರಿಜಕ್ಕ ಕೇಳಿದರು.

“ಅಳತೆ ಒಂದೇ ಅಲ್ವಾ ಅಕ್ಕ. ಮತ್ತೆ ಬೇರೆ ಹೇಗೆ ಆಗ್ತದೆ?”

“ಹಾಗಾದ್ರೆ ಏರ್ಲಿ” ಎಂದು ವಾರಿಜಕ್ಕ ಬಾಲ್ದಿ ತೊಳೆಯಲು ಹೋದರು.

ಸರ್ಕಾರದ ಲೆಕ್ಕ ಕುರುಡು ಎಂದು ನಾನು ಇಷ್ಟು ವರ್ಷ ಗೊಣಗಿದೆ. ಅದು ನಮ್ಮ ಜೇಬು ನೋಡುತ್ತದೆ, ಗೋಡೆ ನೋಡುತ್ತದೆ, ತಂದೆಯ ಹೆಸರು ನೋಡುವುದಿಲ್ಲ. ಇಷ್ಟು ಕುರುಡುತನ ಪೇಟೆಯ ಮಾಲಕರಿಗೂ ಬಂದಿದ್ದರೆ ವಾರಿಜಕ್ಕನ ಚಪ್ಪಲಿ ಸವೆಯುತ್ತಿತ್ತೇ?

ಇಲ್ಲಿಗೆ ಮುಗಿಸಿದರೆ ನಾನು ಸ್ವಲ್ಪ ಒಳ್ಳೆಯವನಾಗಿಯೇ ಕಾಣುತ್ತೇನೆ. ಹಾಗಾಗಿ ಇನ್ನೊಂದು ವಿಷಯ ಹೇಳಬೇಕು.

ಶಶಿಯ ತಮ್ಮ ದೋಹಾದಲ್ಲಿದ್ದಾನೆ. ಗುರುವಾಯನಕೆರೆಯಲ್ಲಿ ಅವನದೊಂದು ಮಹಡಿ ಮನೆ ಇದೆ. ಬಾಡಿಗೆಗೆ ಕೊಡುವ ಉಸ್ತುವಾರಿ ನನ್ನದು. “ಜನ ನೋಡಿ ಕೊಡಿ ಭಾವ” ಎಂದು ಅವನು ಹೇಳಿದ್ದ. ನಾನು ಜನ ನೋಡಿಯೇ ಕೊಡುತ್ತಿದ್ದೆ. ಎದುರು ನಿಂತವರ ಊರು ಕೇಳಿ, ಹೆಸರು ಕೇಳಿ, ಫೋನಿನಲ್ಲಿ ಹೇಳಿದ ಬಾಡಿಗೆಯನ್ನು ನಾನೂ ಏರಿಸಿದ್ದೇನೆ. ವಾರಿಜಕ್ಕನಿಗಲ್ಲ, ಬೇರೆ ಯಾರಿಗೋ. ಅವರ ಮುಖ ನೆನಪಿಲ್ಲ. ನೆನಪಿಲ್ಲದ್ದೇ ಈಗ ಹೆಚ್ಚು ಚುಚ್ಚುವುದು. ಅದನ್ನು ನಾನು ‘ಬಾಡಿಗೆ’ ಎಂದು ಕರೆಯುತ್ತಿದ್ದೆ. ಅದು ‘ನೀವು ಬೇಡ’ ಎನ್ನುವುದಕ್ಕೆ ಇಟ್ಟ ಮರ್ಯಾದೆಯ ಹೆಸರು.

ಭಾನುವಾರ ಒಬ್ಬರು ಫೋನ್ ಮಾಡಿ ಬಾಡಿಗೆ ಕೇಳಿದರು. ಹೇಳಿದೆ. ಮಧ್ಯಾಹ್ನ ಗಂಡ ಹೆಂಡತಿ ಬಂದು ಮನೆ ನೋಡಿದರು. ಹಳೆಯ ಪ್ರಶ್ನೆ ನಾಲಗೆಯ ತುದಿಯವರೆಗೆ ಬಂತು. ನುಂಗಿದೆ. ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಅವರು ಕೇಳಿದರು, ಅದನ್ನೂ ಹೇಳಿದೆ. ಬಾಡಿಗೆ ಅಷ್ಟೇ ಅಲ್ಲವಾ ಎಂದು ಆ ಹೆಂಗಸು ಮೆಟ್ಟಿಲಿಳಿಯುವಾಗ ಇನ್ನೊಮ್ಮೆ ಕೇಳಿದರು. ಎರಡನೇ ಸಲ ಯಾಕೆ ಕೇಳಿದರು ಎನ್ನುವುದು ನನಗೆ ಈಗ ಅರ್ಥವಾಗುತ್ತದೆ. ಅಷ್ಟೇ ಎಂದೆ.

ಸಂಜೆ ದೋಹಾದಿಂದ ಶಶಿಯ ತಮ್ಮನ ಫೋನು.

“ಯಾರಿಗೆ ಕೊಟ್ರಿ ಭಾವ? ಯಾವ ಕಡೆಯವರು?”

“ಕೇಳ್ಲಿಲ್ಲ.”

“ಕೇಳ್ದೆ ಹೇಗೆ ಕೊಟ್ರಿ?”

“ಅವರು ಬಾಡಿಗೆ ಎಷ್ಟು ಅಂತ ಕೇಳಿದ್ರು. ನಾನು ಹೇಳಿದೆ.”

ಲೈನ್ ಕಟ್ ಆಯಿತೇನೋ ಎಂದು ನಾನು ಎಂದಿನಂತೆ ಚಿಂತೆಗೆ ಬಿದ್ದೆ. ಆಮೇಲೆ ಅವನು ಕೇಳಿದ, “ಅಡ್ವಾನ್ಸ್ ಕೊಟ್ರಾ?”

“ಕೊಟ್ರು.”

“ಹಾಗಾದ್ರೆ ಆಯ್ತು, ಬಿಡಿ.”

ಇಷ್ಟೇ ಇದ್ದದ್ದು. ಬಾಡಿಗೆ ಎಷ್ಟು ಎಂದು ಕೇಳಿದವರಿಗೆ ಬಾಡಿಗೆ ಎಷ್ಟು ಎಂದು ಹೇಳಿದರೆ ಸಾಲದೇ?